ಚಪ್ಪಲಿ ಬಲ್ಲ ದಾನೇಶ್ವರಿ

ಎಲ್ಲಕ್ಕೂ ಕಾರಣ ಒಂದು ನಾಯಿ. ಗುಂಡ್ಲುಪೇಟೆಯ ಪುಟ್ಟಮಲ್ಲಮ್ಮನ ಮನೆಯಲ್ಲಿ ಬೆಳಿಗ್ಗೆ ಪೂಜೆ ನಡೆಯುತ್ತಿದ್ದಾಗ, ಅದು ಬಾಗಿಲಲ್ಲಿದ್ದ ಮೂವತ್ತು ಜೊತೆ ಚಪ್ಪಲಿಗಳನ್ನು ಬೀದಿ ತುಂಬ ಎಳೆದಾಡಿ ಹೋಯಿತು. ಹೊರಗೆ ಬಂದ ನೆಂಟರು ಕಾಲಿಗೊಂದು ಬಗೆಯದನ್ನು ಮೆಟ್ಟಿಕೊಂಡು ಕಿತ್ತಾಡತೊಡಗಿದರು. ಆಗ ಪಕ್ಕದ ಮನೆಯ ನಾಲ್ಕು ವರ್ಷದ ದಾನೇಶ್ವರಿ ಸದ್ದಿಲ್ಲದೆ ಒಂದೊಂದೇ ಜೊತೆ ಆರಿಸಿ ಅವರವರ ಕಾಲ ಬಳಿ ತಂದಿಟ್ಟಳು. ಒಂದೂ ತಪ್ಪಲಿಲ್ಲ!

ಹತ್ತೇ ನಿಮಿಷದಲ್ಲಿ ಬೀದಿಗೆ ಬೀದಿಯೇ ಅವಳ ಅಪ್ಪ ಮೃತ್ಯುಂಜಯನ ಮನೆಯಲ್ಲಿತ್ತು. ಈರುಳ್ಳಿ ಮಂಡಿಯಲ್ಲಿ ಚೀಟಿ ಬರೆಯುವ ಅವನು ಆಗತಾನೆ ಸ್ನಾನ ಮುಗಿಸಿ ಟವೆಲಿನಲ್ಲೇ ನಿಂತಿದ್ದ.

“ನಿನ್ ಮಗ್ಳು ಸಾಮಾನ್ಯ ಅಲ್ಲ ಕಣ್ಲಾ,” ಎಂದ ಎದುರುಮನೆಯ ಶಿವರುದ್ರಸ್ವಾಮಿ. “ಚಾಮರಾಜನಗರದ ಹೊಸ ಇಸ್ಕೂಲಲ್ಲಿ ಇಂಥ ಮಕ್ಳಿಗೆ ಫೀಸಿಲ್ದೆ ಸೀಟು ಕೊಡ್ತಾರಂತೆ. ಇವತ್ತೇ ಕಡೇ ದಿನ. ಹೋಗನ ನಡಿ.”

“ಒಳ್ಳೆ ಮನೆಯೋರು ಅಂತ ಅಕ್ಕಪಕ್ಕದ ಇಬ್ರು ಸೈನ್ ಹಾಕ್ಬೇಕಂತೆ. ನಾವಿಲ್ವಾ?” ಎಂದಳು ಪುಟ್ಟಮಲ್ಲಮ್ಮ, ಆಗಲೇ ಸೆರಗು ಸಿಕ್ಕಿಸಿಕೊಂಡು.

ಫೀಸು ಕೇಳಿ ಮೂರು ಶಾಲೆಗಳ ಗೇಟಿನಿಂದಲೇ ವಾಪಸಾಗಿದ್ದ ಮೃತ್ಯುಂಜಯ ಈ ಸೀಟನ್ನು ಬಿಟ್ಟುಕೊಡುವುದುಂಟೆ? ಬಸ್ಸಿನಲ್ಲಿ ನೆರೆಯವರಿಬ್ಬರೂ ಸೇರಿ ಮಗುವಿಗೆ ಬಣ್ಣ, ಹಣ್ಣು, ಪ್ರಾಣಿಗಳನ್ನು ಬಾಯಿಪಾಠ ಮಾಡಿಸಿದರು. ತೆರಕಣಾಂಬಿ ಬರುವಷ್ಟರಲ್ಲಿ ಅದು ನಿದ್ದೆಹೋಯಿತು.

ಶಾಲೆಯಲ್ಲಿ ಪರೀಕ್ಷೆ ಮಾಡುವವರು ಸುಧಾಕರ್ ಎಂಬ ಮೇಷ್ಟ್ರು. ಅವರು ಸೇಬಿನ ಚಿತ್ರ ತೋರಿಸಿದರು, ದಾನೇಶ್ವರಿ ಆಕಳಿಸಿದಳು. ಮರದ ತುಂಡುಗಳನ್ನು ಕೊಟ್ಟರು. ಅವಳು ಬಾಗಿಲ ಕಡೆ ತಿರುಗಿದಳು. ಬೆವರಿ ನೀರಾದ ಮೃತ್ಯುಂಜಯ ಕೂಗಿಯೇಬಿಟ್ಟ.

“ಸಾ, ಇವ್ಳಿಗೆ ಚಪ್ಲಿ ತೋರ್ಸಿ ಸಾ!”

ಬೇರೆ ಯಾರಾದರೂ ನಗುತ್ತಿದ್ದರು. ಸುಧಾಕರ್ ನಗಲಿಲ್ಲ. “ಚುರುಕು ಮಕ್ಕಳು ಬೇಜಾರಾದ್ರೆ ಬಾಯೇ ಬಿಡಲ್ಲ. ಅವಳಿಗೆ ಇಷ್ಟವಾದದ್ದನ್ನೇ ನೋಡೋಣ,” ಎಂದು ಹೊರಗಿದ್ದ ಪೋಷಕರ ಚಪ್ಪಲಿಗಳನ್ನೆಲ್ಲ ತರಿಸಿ, ತಾವೇ ಕಲಸಿ ಗುಡ್ಡೆ ಹಾಕಿದರು.

ದಾನೇಶ್ವರಿಯ ಕಣ್ಣು ಅರಳಿತು. ಒಳಗೆ ಬರುವಾಗ ಅವರೆಲ್ಲ ಬಾಗಿಲಲ್ಲಿ ಬಿಡುತ್ತಿದ್ದುದನ್ನು ಒಮ್ಮೆ ನೋಡಿದ್ದಷ್ಟೇ. ಸವೆದ ಹಿಮ್ಮಡಿ, ಸಡಿಲವಾದ ಪಟ್ಟಿ, ಹೆಬ್ಬೆರಳಿನ ಗುರುತು ಎಲ್ಲವೂ ಅವಳ ತಲೆಯಲ್ಲಿತ್ತು. ಪುಟ್ಟ ಕೈಗಳಲ್ಲಿ ಜೊತೆ ಜೊತೆಯಾಗಿ ಹಿಡಿದು ನಲವತ್ತು ಜನರ ನಡುವೆ ಓಡಾಡಿದಳು. ಮೊದಮೊದಲು ನಕ್ಕವರು ಆಮೇಲೆ ತಾವೇ ಕಾಲು ಚಾಚಿ ಕಾದರು. ಒಬ್ಬ ಹೆಂಗಸು ಕೈ ಮುಗಿದೇಬಿಟ್ಟಳು. ಮೃತ್ಯುಂಜಯ, ಇದು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ಎಂದು ಅಕ್ಕಪಕ್ಕ ನಿಂತವರಿಗೆಲ್ಲ ಹೇಳತೊಡಗಿದ.

ಕೊನೆಗೆ ಉಳಿದದ್ದು ಅವನದೊಂದೇ ಜೊತೆ. ಅವನು ಹೆಮ್ಮೆಯಿಂದ ಕಾಲು ಮುಂದಿಟ್ಟ. ಮಗು ಅವನನ್ನು ದಾಟಿಹೋಗಿ ಅದನ್ನು ಸುಧಾಕರರ ಮುಂದಿಟ್ಟಿತು.

“ಅದು ನಂದು ಕಣವ್ವ!”

“ಅಲ್ಲ ಕಣಪ್ಪ. ಬೇಗೂರ್ ಮದ್ವೇಲಿ ಈ ಮೇಷ್ಟ್ರು ಇದ್ನ ಬಾಗ್ಲಲ್ಲಿ ಬುಟ್ಟಿದ್ರು. ನೀನು ಉಂಡ್ಬುಟ್ಟು ಬಂದು ಹಾಕ್ಕಂಡೆ.”

ಸುಧಾಕರ್ ಚಪ್ಪಲಿಯನ್ನು ತಿರುಗಿಸಿ ನೋಡಿದರು. ಹಿಮ್ಮಡಿಯಲ್ಲಿ ಅವರೇ ಹಾಕಿಸಿದ್ದ ಕೆಂಪು ದಾರದ ಹೊಲಿಗೆ!

“ಗೊತ್ತಾಗ್ದೆ ಆಗೋಯ್ತು ಸಾ... ಎಲ್ಲಾ ಒಂದೇ ತರ ಕಾಣ್ತವೆ,” ಎಂದು ಮೃತ್ಯುಂಜಯ ನೆಲ ನೋಡಿದ.

ಸುಧಾಕರರಿಗೆ ಕೋಪ ಬರಲು ಪುರುಸೊತ್ತಿರಲಿಲ್ಲ. “ಎರಡು ತಿಂಗಳ ಹಿಂದಿನ ಮದುವೆ! ಸಾವಿರ ಜನ! ಈ ಮಗು ನನ್ನ ಕಾಲನ್ನೂ ಮರೆತಿಲ್ಲ!” ಎನ್ನುತ್ತ ಅರ್ಜಿಯ ಮೇಲೆ ‘ಅಸಾಧಾರಣ’ ಎಂದು ಬರೆದು ಎರಡು ಗೆರೆ ಎಳೆದರು. “ನೆರೆಯವರ ಸಹಿ ಆದರೆ ಸೀಟು ನಿಮ್ಮದೇ.”

ಶಿವರುದ್ರಸ್ವಾಮಿ ಪೆನ್ನು ತೆಗೆದ. ಹೋದ ಜೀವ ಬಂದಂತಾಗಿ ಮೃತ್ಯುಂಜಯ ಮಗಳ ಕೆನ್ನೆ ಸವರಿದ. ಹೊಗಳಿಕೆಯಿಂದ ಹುರುಪೇರಿದ ಮಗು ಎಲ್ಲರತ್ತ ನೋಡಿತು.

“ಮನೇಲಿ ಮಂಚದ ಕೆಳ್ಗೆ ಇನ್ನೂ ನಾಕ್ ಜೊತೆ ಅವೆ. ಅವೂ ಯಾರ್ದು ಅಂತ ಹೇಳ್ಲಾ?”

ಪುಟ್ಟಮಲ್ಲಮ್ಮ ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ಮಗುವನ್ನು ತೊಡೆಗೆಳೆದುಕೊಂಡಳು. ಶಿವರುದ್ರಸ್ವಾಮಿ ಪೆನ್ನಿಗೆ ಮುಚ್ಚಳ ಹಾಕಿದ.

“ಸೈನಿಗೇನವಸ್ರ? ಮೊದ್ಲು ಕೂಸು ಹೇಳ್ಬುಡ್ಲಿ ಕಣ್ಲಾ.”