ಸ್ಟೈಲಜ್ಜಿ ಹುಟ್ಟಿದ ಇಸವಿ

ಎಲ್ಲಾ ರಗಳೆಗೂ ಕಾರಣ ಆ ಇಸವಿ. ಕಲ್ಲಿನ ಫಲಕದ ಮೇಲ್ತುದಿಗೆ ‘ಪ್ರೀತಿಯ ನೆನಪಿಗೆ’, ಅದರ ಕೆಳಗೆ ಅಜ್ಜಿಯ ಹೆಸರು, ಅದರ ಕೆಳಗೆ ಹುಟ್ಟಿದ ವರ್ಷ ಮೂವತ್ತೆಂಟು. ಅಪ್ಪ ಹೇಳಿದ್ದನ್ನೇ ಕಿಡಿ ಕೆತ್ತಿದ್ದ. ಪುಡಿ ಊದಿ, ಹಿಂದೆ ಸರಿದು ನೋಡಿದರೆ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬಂದಿದ್ದವು.

ಕಲ್ಲಿನಂಗಡಿಯಲ್ಲಿ ಅವನನ್ನು ಎಲ್ಲರೂ ಕಿಡಿ ಅಂತಲೇ ಕರೆಯುವುದು. ಗ್ರೈಂಡರಿಗಿಂತ ಮೊದಲು ಅವನ ಮೂಗಿನ ತುದಿಯಿಂದಲೇ ಕಿಡಿ ಹಾರುತ್ತಿತ್ತು. ಕಾಗೆಕಾಲಿನ ಅಕ್ಷರ ಅಂತ ಮೇಷ್ಟ್ರು ಪುಸ್ತಕ ಹರಿದಾಗ, ಉಳಿದರ್ಧ ತಾನೇ ಹರಿದು ಶಾಲೆಯಿಂದ ಎದ್ದುಬಂದವನು. ಮನೆಯವರೆಲ್ಲ ತಲೆ ಮೇಲೆ ಕೈಹೊತ್ತು ಕೂತಾಗ ಅವನನ್ನು ಈ ಅಂಗಡಿಗೆ ಎಳೆದು ತಂದವಳು ಅಜ್ಜಿ. “ಕಲ್ಲಿನ ಮೇಲೆ ಬರಿಯೋ. ಯಾವ ಮೇಷ್ಟ್ರು ಹರೀತಾರೋ ನಾನೂ ನೋಡ್ತೀನಿ” ಅಂದಿದ್ದಳು.

ಬೀದಿಗೆಲ್ಲ ಅವಳು ಸ್ಟೈಲಜ್ಜಿ. ಎಪ್ಪತ್ತು ದಾಟಿದರೂ ಹೈಹೀಲ್ಸ್ ಬಿಟ್ಟವಳಲ್ಲ. ಆಸ್ಪತ್ರೆ ಮಂಚದ ಮೇಲೂ ಕೂಲಿಂಗ್ ಗ್ಲಾಸು. ಡಾಕ್ಟರು ವಯಸ್ಸು ಕೇಳಿದರೆ, “ಪರೀಕ್ಷೆ ಮಾಡೋರು ನೀವು, ಉತ್ತರ ನಾನು ಹೇಳ್ಬೇಕಾ?” ಅಂತ ಬಾಯಿ ಮುಚ್ಚಿಸಿದ್ದಳು. ಅವಳು ದಿನಾ ಸಂಜೆ ಕೂರುತ್ತಿದ್ದ ಪಾರ್ಕಿನ ಬೆಂಚಿಗೆ ಇವತ್ತು ಈ ಫಲಕ ಕೂರಬೇಕು. ಅವಳ ಹೆಸರನ್ನು ತನ್ನ ಕೈಯಾರೆ ಕೆತ್ತಬೇಕು ಅನ್ನುವುದು ಕಿಡಿಯ ಹಟ.

“ಕಲ್ಲು ಕೆಡಿಸಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ” ಅಂದಿದ್ದರು ಯಜಮಾನರು.

ಮೊದಲು ಬಂದವರು ದೊಡ್ಡತ್ತೆ. ಇಸವಿ ನೋಡಿದ್ದೇ ಹಾವು ತುಳಿದ ಹಾಗೆ ಚಿಮ್ಮಿದರು.

“ಮೂವತ್ತೆಂಟಾ! ಅಮ್ಮ ಮೂವತ್ತೆಂಟರವಳಾದ್ರೆ ನನ್ನ ವಯಸ್ಸೆಷ್ಟಾಯ್ತೋ ಪಾಪಿ? ಡ್ಯಾನ್ಸ್ ಕ್ಲಾಸಲ್ಲಿ ಎಲ್ಲರೂ ನನಗಿನ್ನೂ ಐವತ್ತು ಅಂದ್ಕೊಂಡಿದ್ದಾರೆ! ನಲವತ್ತೈದು ಮಾಡು.”

“ಇದು ಕಲ್ಲು ಅತ್ತೆ, ಸ್ಲೇಟಲ್ಲ.”

“ನಿಮ್ಮಜ್ಜಿಗೆ ವಯಸ್ಸಾಯ್ತು ಅಂತ ಊರಿಗೆಲ್ಲ ಸಾರ್ತೀಯಾ? ಇದೇನಾ ನಿನ್ನ ಪ್ರೀತಿ?”

ಪ್ರೀತಿಯ ಮಾತು ಕಿಡಿಗೆ ಚುಚ್ಚಿತು. ಹಲ್ಲು ಕಚ್ಚಿಕೊಂಡು ಗ್ರೈಂಡರ್ ಹಾಕಿ ಉಜ್ಜಿದ. ನಲವತ್ತೈದು ಕೆತ್ತಿದ.

ದೊಡ್ಡತ್ತೆ ಹೋದ ಬೆನ್ನಿಗೇ ಚಿಕ್ಕತ್ತೆ. “ಅಕ್ಕ ತನ್ನ ಲೆಕ್ಕ ಮಾತ್ರ ಸರಿಮಾಡ್ಕೊಂಡು ಹೋದ್ಲು, ನೋಡು! ನನ್ನ ಗತಿ? ಐವತ್ತೆರಡು ಮಾಡೋ, ಬಂಗಾರ.”

ಬಂಗಾರ ಮತ್ತೆ ಉಜ್ಜಿತು. ಕಲ್ಲು ತಟ್ಟೆಯಂತೆ ತಗ್ಗಾಯಿತು. ಅದರೊಳಗೆ ಐವತ್ತೆರಡು ಕೆತ್ತಿ ಮುಗಿಸುವಷ್ಟರಲ್ಲಿ ಅಪ್ಪ ಬಂದ.

“ಐವತ್ತೆರಡಾ? ನಾನು ಹುಟ್ಟಿದ್ದೇ ಅರವತ್ತರಲ್ಲಿ! ಎಂಟು ವರ್ಷದ ಹುಡುಗಿಗೆ ನಾನು ಮೂರನೇ ಮಗು ಏನೋ?”

“ನಿಮ್ಮಕ್ಕಂದಿರನ್ನ ಕೇಳು!” ಕಿಡಿ ಉಳಿ ಎಸೆದ. “ಇಸವಿಯೇ ಬೇಡ. ಅಜ್ಜಿ ಬದುಕಿದ್ದಾಗ ಹೇಳದೇ ಇದ್ದದ್ದನ್ನ ನಾನ್ಯಾಕೆ ಹೇಳ್ಲಿ?”

ಮೂರನೇ ಸಲ ಉಜ್ಜಿದ ಮೇಲೆ ಅಲ್ಲಿ ಗುಬ್ಬಿ ಸ್ನಾನ ಮಾಡುವಷ್ಟು ಗುಂಡಿ ಬಿತ್ತು. ಅಷ್ಟರಲ್ಲಿ ಅತ್ತೆಯರಿಬ್ಬರೂ ವಾಪಸ್ ಬಂದು ಮೂಗು ಮುರಿದರು. ಗುಂಡಿ ಬೋಳಾಗಿ ಕಾಣುತ್ತದಂತೆ. ಸುತ್ತ ಮಕ್ಕಳ ಹೆಸರು ಹಾಕಿದರೆ ಮುಚ್ಚಿಹೋಗುತ್ತದೆ ಅಂದ ಅಪ್ಪ. ಯಾರದು ಮೊದಲು? ಕಲ್ಲಿನ ಮೇಲೆ ಮೊದಲ ಹೆಸರಿಗಾಗಿ ಹೊಡೆದಾಡುವವರನ್ನು ಕಿಡಿ ಬೇಕಾದಷ್ಟು ಕಂಡಿದ್ದ. ಇಲ್ಲಿ ಕೊನೇ ಜಾಗಕ್ಕೆ ಜುಟ್ಟು ಹಿಡಿಯುವ ಜಗಳ.

“ನಾನೇ ಚಿಕ್ಕೋಳು!” ಅಂದರು ದೊಡ್ಡತ್ತೆ.

“ನೀನು ಮೊನ್ನೆಯಿಂದ ಚಿಕ್ಕೋಳು!”

“ಹುಟ್ಟಿದಾಗಿಂದ ನಾನು ಚಿಕ್ಕೋನು ಕಣ್ರೇ!” ಅಂತ ಅಪ್ಪ ಬಡಕೊಂಡ.

ಕಿಡಿ ಉಳಿ ಎತ್ತಿಕೊಂಡ. ಮೊದಲೂ ಇಲ್ಲದ ಕೊನೆಯೂ ಇಲ್ಲದ ಹಾಗೆ ಮೂರೂ ಹೆಸರನ್ನು ಗುಂಡಿಯ ಸುತ್ತ ಬಳೆಯಂತೆ ಕೆತ್ತಿಬಿಟ್ಟ. ಮೂವರೂ ಒಪ್ಪಿದರು. ಯಜಮಾನರು ಗುಂಡಿ ಮುಟ್ಟಿ ನೋಡಿ, “ಏನೋ ಡಿಸೈನ್ ಇರಬೇಕು” ಅಂತ ಒಳಗೆ ಹೋದರು.

ಸಂಜೆ ಫಲಕ ಬೆಂಚಿಗೆ ಕೂತಿತು. ಅಜ್ಜಿಯ ಹೆಸರು ತಂಪು ಬಿಸಿಲಿಗೆ ಹೊಳೆಯಿತು. ಕಿಡಿ ತೋಳಿನಿಂದ ಅದನ್ನು ಇನ್ನೊಮ್ಮೆ ಒರೆಸಿದ.

ಅಷ್ಟರಲ್ಲಿ ವಾಕಿಂಗಿಗೆ ಬಂದ ಸೋಡಾಬುಡ್ಡಿ ಕನ್ನಡಕದ ಅಪರಿಚಿತರೊಬ್ಬರು ನಿಂತು, ಕತ್ತು ತಿರುಗಿಸುತ್ತಾ ಓದಿ, ಟೋಪಿ ತೆಗೆದರು.

“ಛೆ ಛೆ! ಒಂದೇ ಮನೆಯ ನಾಲ್ಕು ಜನ, ಒಟ್ಟಿಗೇನಾ? ಬಸ್ಸೇನಾದ್ರೂ ಉರುಳ್ತಾ?”

ಬದುಕಿರುವ ಮೂವರೂ ಕಿಡಿಯನ್ನು ನುಂಗುವ ಹಾಗೆ ನೋಡಿದರು. ಅವನು ಸಿಟ್ಟಿನಿಂದಲೇ ಚೀಲದೊಳಗಿನ ಉಳಿಗೆ ಕೈ ಹಾಕಿದ.

ಅಪರಿಚಿತರು ಕಪ್ಪು ಕನ್ನಡಕ, ಕಪ್ಪು ಕೂದಲಿನ ಅತ್ತೆಯರ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ನೀವು ತೀರಿಕೊಂಡವರ ಮೊಮ್ಮಕ್ಕಳಾ, ಅಮ್ಮಾ?”

ದೊಡ್ಡತ್ತೆ ಕಿಡಿಯ ಕೈ ಗಟ್ಟಿಯಾಗಿ ಹಿಡಿದರು. “ಉಳಿ ಒಳಗಿಡು. ಒಂದಕ್ಷರ ಮುಟ್ಟಿದ್ರೆ ನೋಡು!”

“ಹೂಂ ಸಾರ್, ಮೊಮ್ಮಕ್ಕಳು” ಅಂದರು ಚಿಕ್ಕತ್ತೆ, ಕಣ್ಣೊರೆಸಿಕೊಳ್ಳುತ್ತಾ.

ಬೆಳಗಿನಿಂದ ಹಾರಿದ ಕಲ್ಲಿನ ಪುಡಿಯೆಲ್ಲ ಕಿಡಿಯ ತಲೆ, ಹುಬ್ಬು, ಮೀಸೆಗಳ ಮೇಲೆ ಬೆಳ್ಳಗೆ ಕೂತಿತ್ತು. ಅಪರಿಚಿತರು ಅವನ ಬೆನ್ನು ಸವರಿದರು.

“ನೀವು ಧೈರ್ಯ ತಂದ್ಕೋಬೇಕು, ಹಿರಿಯರೇ. ಮಕ್ಕಳೆಲ್ಲ ಹೋದ್ರು, ನಿಜ. ಇನ್ನು ಈ ಹುಡುಗೀರನ್ನ ಸಾಕಬೇಕಾದೋರು ನೀವೇ ಅಲ್ವಾ?”