ಎರಡೂವರೆ ತಾಸಿನ ನಕ್ಷತ್ರ

ನಕ್ಷತ್ರದ ಅಭ್ಯಾಸ ಮಾಡುವವರಿಗೆ ನೆಲದ ಮೇಲೆ ಫಜೀತಿ ತಪ್ಪಿದ್ದಲ್ಲ; ನನಗಂತೂ ಒಂದು ಮುಗಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ವಿಷಯ, ಹೀಲಿಯಂ ನಕ್ಷತ್ರಗಳು. ಉಳಿದ ನಕ್ಷತ್ರಗಳಿಗೆ ಮೈತುಂಬ ಜಲಜನಕ. ಇವುಗಳಲ್ಲಿ ಅದು ಹುಡುಕಿದರೂ ಸಿಗದಷ್ಟು. ನಾನು ಆರಿಸಿಕೊಂಡದ್ದು ಎರಡೂವರೆ ತಾಸಿಗೊಮ್ಮೆ ಉಬ್ಬಿ ಕುಗ್ಗುತ್ತಿತ್ತು. ಬೆಳಕೂ ಅದರ ಜೊತೆ ಏರಿಳಿಯುತ್ತಿತ್ತು.

ಕನ್ಯಾ ನೋಡಲು ಬಂದವರು

ಬಾದಾಮಿಯ ನಮ್ಮ ಮನೆಗೆ ಹುನಗುಂದದಿಂದ ಕನ್ಯಾ ನೋಡಲು ಬಂದರು. ಹುಡುಗನ ಸೋದರಮಾವ ಕೇಳಿದರು: "ನಿಂದು ಯಾವ ನಕ್ಷತ್ರವ್ವಾ?"

ಓದಿನ ಬಗ್ಗೆ ಕೇಳುತ್ತಿದ್ದಾರೆಂದು ನನಗೆ ಖುಷಿಯೋ ಖುಷಿ. "ಹೀಲಿಯಂ ನಕ್ಷತ್ರರಿ. ಎರಡೂವರೆ ತಾಸಿಗೊಮ್ಮೆ ಉಬ್ಬತೈತಿ, ಭಾಳ ಬಿಸಿ."

ಸೋದರಮಾವ ಚಹಾದ ಕಪ್ಪು ಕೆಳಗಿಟ್ಟರು. ಹುಡುಗ ಮಾತ್ರ ಮೆಲ್ಲಗೆ, "ಅದು ಇಲ್ಲಿಂದ ಕಾಣಸ್ತೈತೇನ್ರಿ?" ಎಂದ. ಅಷ್ಟು ಪ್ರೀತಿಯಿಂದ ಆ ಪ್ರಶ್ನೆಯನ್ನು ಮುಂದೆ ಯಾರೂ ಕೇಳಲಿಲ್ಲ. ನಾನು ಉತ್ತರ ಕೊಡುವುದರೊಳಗೆ ಅವನನ್ನು ಎಬ್ಬಿಸಿಕೊಂಡು ಹೋದರು.

ವಾರದ ಮೇಲೆ ಸುದ್ದಿ ಬಂತು: "ಹುಡುಗಿ ಶ್ಯಾಣ್ಯಾ ಅದಾಳ, ಖರೆ. ಆದ್ರ ಎರಡೂವರೆ ತಾಸಿಗೊಮ್ಮೆ ಉಬ್ಬೂದು ನಮ್ಮ ಹುಡುಗಗ ತಡಕೊಳ್ಳಾಕ ಆಗೂದಿಲ್ಲ."

ರಜೆಯ ಅರ್ಜಿ

ದೂರದ ವೀಕ್ಷಣಾಲಯದಲ್ಲಿ ನಕ್ಷತ್ರ ನೋಡಲು ಐದು ರಾತ್ರಿ ಸಿಕ್ಕವು. ಪ್ರಿನ್ಸಿಪಾಲರು ಅರ್ಜಿ ಓದಿದರು. "ಹೀಲಿಯಂ ಅಂದ್ರ ಬಲೂನಿಗೆ ತುಂಬೂದಲ್ರಿ? ಹೋಗಿ ಬರ್ರಿ. ನಮ್ಮ ಕಾಲೇಜಿನ ವರ್ಷದ ಗ್ಯಾದರಿಂಗಿಗೆ ನಾಕು ಬಲೂನು ತರ್ರಿ."

ಐದರಲ್ಲಿ ನಾಲ್ಕು ರಾತ್ರಿ ಮೋಡ. ಸಿಕ್ಕ ಒಂದು ರಾತ್ರಿಯೂ ನಡುನಡುವೆ ಮುಚ್ಚಿಕೊಂಡಿತು. ಜೋಲು ಮೋರೆ ಹಾಕಿಕೊಂಡು ಬಂದೆ. ಪ್ರಿನ್ಸಿಪಾಲರು ನನ್ನ ಬರಿಗೈ ನೋಡಿ, "ನಕ್ಷತ್ರದ ಮಾತು ಬಿಡ್ರಿ, ಬಲೂನಿಗೂ ಮೋಡ ಅಡ್ಡ ಬಂತೇನು?" ಎಂದರು.

ಅತ್ತೆಯವರ ಕಸೂತಿ

ಮುಂದೆ ಇಳಕಲ್ಲಿನ ಮನೆಗೆ ಸೊಸೆಯಾದೆ. ರಜೆಯಲ್ಲಿ ಅಲ್ಲಿಗೆ ಹೋದಾಗ ನಕ್ಷತ್ರದ ಬೆಳಕಿನ ಏರಿಳಿತವನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗುರುತಿಸಿದ್ದೆ. ಮೋಡದಿಂದಾಗಿ ಇಳಿಜಾರಿನಲ್ಲಿ ಒಂದು ಕಡೆ ಖಾಲಿ ಉಳಿದಿತ್ತು. ನಾಲ್ಕು ದಿನ ಬಿಟ್ಟು ನೋಡುತ್ತೇನೆ, ಅತ್ತೆಯವರು ಎಳೆ ಎಣಿಸಿ ಅದನ್ನೇ ಸೆರಗಿನ ಮೇಲೆ ಕಸೂತಿ ಹಾಕಿದ್ದಾರೆ!

"ಛಲೋ ಮಾದರಿ ಬರದೀಯವ್ವಾ. ಒಂದು ಕಡೆ ಮರತಿದ್ದಿ, ನಾನಾ ತುಂಬೀನಿ."

ತುಂಬಿದಲ್ಲಿ ಸಣ್ಣದೊಂದು ಡುಬ್ಬ.

"ಅಲ್ಲಿ ಡುಬ್ಬ ಇಲ್ಲರಿ ಅತ್ತಿ! ನೆಟ್ಟಗ ಇಳೀತೈತಿ" ಎಂದು ಸಿಡುಕಿದೆ.

"ನೆಟ್ಟಗ ಇಳದ್ರ ಚಂದ ಕಾಣೂದಿಲ್ಲ. ಬೇಕಂದ್ರ ನಿನ್ನ ಹಾಳಿ ತಿದ್ದಕೋ."

ತಿದ್ದಲಿಲ್ಲ. "ಆ ಖಾಲಿ ಜಾಗಾ ಇನ್ನೊಮ್ಮೆ ನೋಡಿ ಬರ್ರಿ" ಎಂದು ನನ್ನ ಮಾರ್ಗದರ್ಶಕರು ಎರಡು ಸಲ ಹೇಳಿದರು. ಮಗು ಸಣ್ಣದು, ಕಾಲೇಜಿನ ಕೆಲಸ ಬೇರೆ, ಹೋಗಲಿಲ್ಲ. ಖಾಲಿ ಜಾಗಕ್ಕೆ ಅಳತೆಪಟ್ಟಿ ಇಟ್ಟು ನೆಟ್ಟಗೆ ಗೆರೆ ಎಳೆದುಬಿಟ್ಟೆ.

ಮೂರು ವರ್ಷದ ಮೇಲೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪರದೇಶದವರ ಲೇಖನ ನೋಡಿದೆ. ಅದೇ ನಕ್ಷತ್ರ, ಅದೇ ಇಳಿಜಾರು, ಅದೇ ಜಾಗದಲ್ಲಿ ಡುಬ್ಬ. ಅವರ ಶೋಧವೆಲ್ಲ ಆ ಡುಬ್ಬದ್ದೇ. ನೆಟ್ಟಗೆ ಗೆರೆ ಎಳೆದ ನನ್ನ ಪ್ರಬಂಧದ ಕತೆ ಅಲ್ಲಿಗೆ ಮುಗಿಯಿತು. ಗ್ರಂಥಾಲಯದ ಸಿಪಾಯಿ ಬಂದು ಕಿಟಕಿ ಹಾಕುವವರೆಗೂ ಕೂತಿದ್ದೆ. ಮನೆಗೂ ಹೋಗದೆ ಸೀದಾ ಇಳಕಲ್ಲಿನ ಬಸ್ಸು ಹತ್ತಿದೆ.

"ಅತ್ತಿ, ನೀವು ಹೇಳಿದ್ದ ಖರೆರಿ. ನಾ ಸುಮ್ಮನ ಸಿಡುಕಿದೆ. ಆ ಡುಬ್ಬ ಐತಿ. ಪರದೇಶದವರು ನೋಡ್ಯಾರ."

ಅತ್ತೆಯವರು ಸೂಜಿ ಕೆಳಗಿಟ್ಟು, ಸೆರಗಿನಿಂದ ನನ್ನ ಕಣ್ಣು ಒರೆಸಿ, ಗಾಬರಿಯಿಂದ ಕೇಳಿದರು:

"ಯಾರ ಸೀರಿ ಮ್ಯಾಲ ನೋಡ್ಯಾರವ್ವಾ?"