ನ್ಯಾಮತಿಯ ಇರುವೆಗಳಿಗೆ ಭಾನುವಾರ ರಜೆ

ನಾನು ಇರುವೆ ಎಣಿಸಲಿಲ್ಲ. ನಗಬೇಡಿ! ಎಣಿಸುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆ, ಎಣಿಸಲಿಲ್ಲ. ಇದೂ ಒಂದು ಪಾಪವೇ ಎಂದು ಕೇಳುವವರು ನಮ್ಮಕ್ಕನನ್ನು ನೋಡಿಲ್ಲ. ಈ ಭೂಮಿಯ ಮೇಲೆ ಯಾರಿಗೆ ಬೇಕಾದರೂ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದು. ನಮ್ಮಕ್ಕನಿಗೆ ಹೇಳಿದ ಸುಳ್ಳು ಮಾತ್ರ ಅಚ್ಚಾಗಿ, ಮೇಲೆ ನಮ್ಮದೇ ಹೆಸರು ಹೊತ್ತುಕೊಂಡು ಮನೆಗೆ ಬರುತ್ತದೆ!

ಅಕ್ಕ ಚನ್ನಗಿರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಡಂ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ನ್ಯಾಮತಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ಕೆಲವರಿಗೆ ಓದು ತಲೆಗೇರುತ್ತದೆ, ಅಕ್ಕನಿಗೆ ನಿಯತ್ತು ತಲೆಗೇರಿತು. ಸಂಶೋಧನಾ ಪತ್ರಿಕೆಗಳಿಗೆ ಬರೆಯುವವರಿಗೆ ಕೆಲವು ನಿಯಮಗಳಿವೆಯಂತೆ. ಕೆಲಸ ಮಾಡದವರ ಹೆಸರು ಹಾಕಬಾರದು, ಮಾಡಿದವರದ್ದು ಬಿಡಬಾರದು. ಕಂಡಷ್ಟೇ ಬರೆಯಬೇಕು. ಯಾರಿಂದಲಾದರೂ ಏನಾದರೂ ಪಡೆದಿದ್ದರೆ ಅದನ್ನು ಮೊದಲೇ ಹೇಳಿಬಿಡಬೇಕು. ಬೇರೆಯವರು ಇದನ್ನೆಲ್ಲ ಪತ್ರಿಕೆಗೆ ಪಾಲಿಸುತ್ತಾರೆ. ನಮ್ಮಕ್ಕ ಸಾರಿಗೂ ಪಾಲಿಸುತ್ತಾಳೆ!

"ಸಾರು ಚೆನ್ನಾಗೈತೆ ಅಕ್ಕಾ" ಅಂದರೆ ಮುಗಿಯಿತು.

"ಕುದಿಸಿದ್ದು ನಾನು. ಹುಣಸೆಹಣ್ಣು ಕಿವುಚಿದ್ದು ನಿಮ್ಮ ಭಾವ. ಖಾರದಪುಡಿ ಪಕ್ಕದ್ಮನೆ ಪಾರ್ವತಕ್ಕಂದು. ಮೂರೂ ಜನಕ್ಕೆ ಹೇಳು."

ಭಾವ ತಟ್ಟೆಯಿಂದ ತಲೆ ಎತ್ತದೆ, "ಉಪ್ಪು ಜಾಸ್ತಿ ಆಗಿರೋದ್ರಾಗೆ ನಂದೇನೂ ಪಾಲಿಲ್ಲ. ಅದನ್ನೂ ಬರ್ಕೊಳ್ಳಪ್ಪ" ಎಂದರು.

ಒಮ್ಮೆ ಹೊನ್ನಾಳಿಯ ಪರಿಚಯದ ಹುಡುಗನೊಬ್ಬನಿಗೆ ಹೆಣ್ಣು ಕೊಡಲು ಬಂದವರು, "ಹುಡುಗ ಹೆಂಗೆ ಮೇಡಂ?" ಎಂದು ಇವಳನ್ನು ವಿಚಾರಿಸಿದರು. "ಒಳ್ಳೇ ಹುಡುಗ. ಆದ್ರೆ ಅವರಮ್ಮ ನಂಗೆ ಹಬ್ಬಕ್ಕೆ ಸೀರೆ ಕೊಟ್ಟಾರೆ. ನನ್ನ ಮಾತು ಪೂರ್ತಿ ನಂಬಬ್ಯಾಡ್ರಿ. ಸೀರೆ ಸಿಗದೇ ಇರೋರನ್ನ ಯಾರನ್ನಾದ್ರೂ ಕೇಳ್ರಿ" ಅಂದಳು. ಆ ಹುಡುಗನಿಗೆ ಇನ್ನೂ ಮದುವೆಯಾಗಿಲ್ಲ!

ಇಂಥವಳಿಗೆ ಕಾಲೇಜಿನಲ್ಲಿ ಬಡ್ತಿ ಸಿಗಬೇಕಾದರೆ ಒಳ್ಳೆಯ ಪತ್ರಿಕೆಯಲ್ಲಿ ಒಂದು ಲೇಖನ ಬರಬೇಕಿತ್ತು. ಅವಳು ಆರಿಸಿಕೊಂಡದ್ದು ಇರುವೆ. ನಾಲ್ಕು ಊರಲ್ಲಿ ಒಂದೇ ಅಚ್ಚಿನ ಬೆಲ್ಲ. ಬೆಳಿಗ್ಗೆ ಏಳಕ್ಕೆ ಹೆಂಚಿನ ಚೂರಿನ ಮೇಲೆ ಒಂದು ತುಣುಕು ಇಡುವುದು, ಹತ್ತು ನಿಮಿಷ ಬಿಟ್ಟು ಬಂದ ಇರುವೆಗಳನ್ನು ಎಣಿಸಿ ಬರೆಯುವುದು. ಹೀಗೆ ಅರವತ್ತು ದಿನ. ಚನ್ನಗಿರಿಯಲ್ಲಿ ತಾನು, ಹೊನ್ನಾಳಿಯಲ್ಲಿ ಅವಳ ಗೆಳತಿ, ಜಗಳೂರಿನಲ್ಲಿ ನಮ್ಮ ಚಿಕ್ಕಮ್ಮ, ನ್ಯಾಮತಿಯಲ್ಲಿ ನಾನು.

ಚಿಕ್ಕಮ್ಮನ ಲೆಕ್ಕದ ಪುಸ್ತಕ ನೋಡಬೇಕಿತ್ತು ನೀವು! "ಇವತ್ತು ಎಣಿಸುವ ಮೊದಲೇ ಬೆಲ್ಲವನ್ನು ಕೋಳಿ ತಿಂದಿತು. ಇರುವೆ ಸೊನ್ನೆ. ಕೋಳಿ ಒಂದು."

ಅಕ್ಕನ ವಿಭಾಗದ ಮುಖ್ಯಸ್ಥರು ತಮ್ಮ ಹೆಸರೂ ಲೇಖನದಲ್ಲಿ ಇರಲಿ ಎಂದರಂತೆ.

"ಸರ್, ನೀವು ಇರುವೆ ಎಣಿಸಿದೀರಾ?"

"ಎಣಿಸಿಲ್ಲಮ್ಮ. ಆದ್ರೆ ಮೊನ್ನೆ ಒಂದು ಕಚ್ಚೈತೆ!"

ಇವಳು ಒಪ್ಪುತ್ತಾಳೆಯೇ? ಕಚ್ಚಿಸಿಕೊಂಡವರಿಗೂ ಲೇಖನದಲ್ಲಿ ಜಾಗ ಸಿಗಲಿಲ್ಲ.

ಇನ್ನು ನನ್ನ ಕಥೆ. ನಾಲ್ಕು ದಿನ ನಿಯತ್ತಾಗಿ ಎಣಿಸಿದೆ. ಆದರೆ ಇರುವೆ ಎಲ್ಲಾದರೂ ನಿಂತ ಕಡೆ ನಿಲ್ಲುತ್ತದೆಯೇ? ಐದನೇ ದಿನದಿಂದ ಎದ್ದ ಮೇಲೆ ನನಗೆ ತೋಚಿದ್ದನ್ನು ಬರೆದೆ. ನಲವತ್ತೆರಡು, ಮೂವತ್ತೆಂಟು, ನಲವತ್ತೈದು. ಭಾನುವಾರ ಮಾತ್ರ ಐದೋ ಆರೋ ಹಾಕುತ್ತಿದ್ದೆ. ಪಾಪ, ಅವಕ್ಕೂ ವಾರಕ್ಕೊಂದು ರಜೆ ಬೇಡವೇ!

ಪುಸ್ತಕ ತಲುಪಿದ ದಿನವೇ ಫೋನು. "ಲೇ ತಮ್ಮಾ, ಭಾನುವಾರ ನಿಮ್ಮೂರ ಇರುವೆ ಎಲ್ಲಿಗೆ ಹೋಗ್ತವೋ?"

ಸಿಕ್ಕಿಬಿದ್ದೆ ಅಂದುಕೊಂಡೆ. ಬಾಯಿ ಮಾತ್ರ ನಿಲ್ಲಲಿಲ್ಲ. "ಅಂಗಡಿ ಪಕ್ಕ ಕೋಳಿ ಅಂಗಡಿ ಐತಲ್ಲಕ್ಕಾ. ಭಾನುವಾರ ಅಲ್ಲಿ ಭಾರೀ ವ್ಯಾಪಾರ. ಎಲ್ಲಾ ಅಲ್ಲಿಗೇ ಹೋಗಿರ್ತವೆ."

ಅಕ್ಕ ಕುಣಿದಾಡಿದಳು. ಮಾಂಸದ ವಾಸನೆಗೆ ಬೆಲ್ಲ ಬಿಟ್ಟು ಹೋಗುವ ಇರುವೆಗಳ ಮೇಲೆ ಎರಡು ಪುಟ ಬರೆದಳು. ಲೇಖನಕ್ಕೆಲ್ಲ ಅದೇ ಕಿರೀಟವಾಯಿತು. ಅಚ್ಚಾಗಿ ಬಂದಾಗ ಕೊನೆಯಲ್ಲಿ ಇಂಗ್ಲಿಷಿನಲ್ಲಿ ನನ್ನ ಹೆಸರೂ ಇತ್ತು! ಅಂಗಡಿಯ ಗೋಡೆಗೆ ಅಂಟಿಸಿದೆ. ಗಾಳಿ ಹಿಡಿಸಲು ಬಂದವರು, "ಏನ್ರೀ ವಿಜ್ಞಾನಿಗಳೇ, ಹಿಂದಿನ ಟೈರಿಗೆ ಒಂಚೂರು ಜಾಸ್ತಿ ಹಾಕ್ರಿ" ಎನ್ನತೊಡಗಿದರು.

ಸ್ವಲ್ಪ ದಿನಕ್ಕೆ ಯಾರೋ ಇರುವೆ ತಿಳಿದವರು ಪತ್ರಿಕೆಗೆ ಬರೆದು, ನ್ಯಾಮತಿಯ ಲೆಕ್ಕ ಮಾತ್ರ ನಂಬಲಾಗುತ್ತಿಲ್ಲ ಎಂದರು. ಮುಖ್ಯಸ್ಥರೂ, "ಏಳನೇ ಕ್ಲಾಸ್ ಓದಿದೋನ ಲೆಕ್ಕ ಏನಮ್ಮ ಅದು" ಎಂದರಂತೆ. ಅಕ್ಕ ಅದನ್ನು ಫೋನಿನಲ್ಲಿ ನಗುತ್ತಾ ಹೇಳಿದಳು. "ನಾನೂ ಬಿಡಲಿಲ್ಲ ಕಣೋ. ಬೇಕಾದ್ರೆ ನನ್ನ ಲೆಕ್ಕ ಅನುಮಾನಿಸ್ರಿ ಸರ್, ನನ್ನ ತಮ್ಮಂದು ಬ್ಯಾಡ ಅಂದೆ."

ನನಗೆ ನಗು ಬರಲಿಲ್ಲ. "ಅಕ್ಕಾ, ಆಗ ಮಳೆ ಇತ್ತು. ಗಿರಾಕಿ ಬೇರೆ ಬೆಳಿಗ್ಗೇನೇ ಬರೋರು. ಎಲ್ಲಾ ದಿನ ಎಣಿಸಾಕೆ ಆಗ್ಲಿಲ್ಲ" ಅಂದೆ.

"ಎಷ್ಟು ದಿನ ಎಣಿಸಿಲ್ಲ?"

"ಐವತ್ತಾರು."

ಫೋನು ಇಟ್ಟಳು.

ಮಾರನೆಯ ದಿನ ಅಂಗಡಿ ಬಾಗಿಲು ಹಾಕಿ ಚನ್ನಗಿರಿಯ ಬಸ್ಸು ಹತ್ತಿದೆ. ಅಕ್ಕ ಮೇಜಿನ ಮುಂದೆ ಕೂತು, ಲೇಖನ ವಾಪಸ್ ತೆಗೆದುಕೊಳ್ಳಿ ಎಂದು ಪತ್ರಿಕೆಗೆ ಕಾಗದ ಬರೆಯುತ್ತಿದ್ದಳು. ಮುಖ್ಯಸ್ಥರು, "ಮೂರು ಊರಿಂದು ನಿಜ ಐತಲ್ಲಮ್ಮ, ಸುಮ್ನಿರು" ಎಂದು ತಡೆದಿದ್ದರಂತೆ. "ನಾಲ್ಕು ಗಾಲಿಯಾಗೆ ಮೂರು ಸರಿ ಐತೆ ಅಂತ ಕಾರು ಓಡಿಸ್ತೀರಾ ಸರ್?" ಎಂದಳಂತೆ ಇವಳು.

ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದಳು. "ಒಂದು ಊರಿನ ಲೆಕ್ಕ ನಿಜವಲ್ಲ. ಹೋಗಿ ನೋಡದೆ ನಂಬಿದ್ದು ನನ್ನ ತಪ್ಪು." ಅಷ್ಟೇ. ಅದರಲ್ಲಿ ನನ್ನ ಹೆಸರೇ ಇರಲಿಲ್ಲ.

"ಸುಳ್ಳು ಬರೆದೋನು ನಾನು. ನನ್ನ ಹೆಸರು ಹಾಕಕ್ಕಾ."

"ಇಂಥ ಲೆಕ್ಕ ಇಡೋದು ನಿಂಗೇನು ಗೊತ್ತಿತ್ತು ಕಣೋ, ಕಲಿಸಬೇಕಾದೋಳು ನಾನು. ಒಂದು ದಿನಾನಾದ್ರೂ ಬಂದು ನಿನ್ನ ಪಕ್ಕ ಕೂತ್ಕೋಬೇಕಿತ್ತು."

"ಬಡ್ತಿ?"

"ಈ ಸಲ ಇಲ್ಲ" ಎಂದು ಕಾಗದ ಮಡಿಸಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಇದ್ದಳು.

ಬಸ್ಸಿನುದ್ದಕ್ಕೂ ನಾನು ಇನ್ನೂ ನಾಲ್ಕೈದು ಕಾರಣ ಹುಡುಕಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಅಕ್ಕಾ, ಮಳೆ ಇರ್ಲಿಲ್ಲ. ಗಿರಾಕೀನೂ ಇರ್ಲಿಲ್ಲ. ಮಲಗಿದ್ದೆ" ಅಂದೆ. "ತಪ್ಪಾಯ್ತು ಅಕ್ಕಾ."